ನ್ಯಾನ್ಸಿಯ ತಾಯಿ ಯಾರು?

ಅಬ್ರಹಾಂ ಲಿಂಕನ್ನನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ನೋಡಲು ಹೇಗಿದ್ದಳೆಂದು ತೋರಿಸುವ ಒಂದು ಚಿತ್ರವೂ ಇಲ್ಲ. ಅವಳು ತೀರಿಕೊಂಡದ್ದು 1818ರಲ್ಲಿ. ಫೋಟೊ ಬರಲು ಇನ್ನೂ ಇಪ್ಪತ್ತು ವರ್ಷವಿತ್ತು. ಅವಳು ಬರೆದ ಕಾಗದವೂ ಇಲ್ಲ. ಜಮೀನಿನ ಪತ್ರಕ್ಕೆ ಸಹಿಯ ಬದಲು ಗುರುತು ಹಾಕಿದವಳು ಅವಳು.

1806ರ ಜೂನ್ 12ರಂದು ಕೆಂಟಕಿಯಲ್ಲಿ ಥಾಮಸ್ ಲಿಂಕನ್ ಎಂಬ ಬಡಗಿ-ರೈತನನ್ನು ಮದುವೆಯಾದಳು. ಸಾರಾ, ಅಬ್ರಹಾಂ, ಆಮೇಲೆ ಕೂಸಾಗಿದ್ದಾಗಲೇ ಹೋದ ಇನ್ನೊಬ್ಬ ಮಗ. 1816ರ ಚಳಿಯಲ್ಲಿ ಸಂಸಾರ ಇಂಡಿಯಾನಾದ ದಟ್ಟ ಕಾಡಿಗೆ ಬಂತು. ಆ ಕಾಡಿನ ಒಂದು ಬಿಳಿ ಹೂವಿನ ಗಿಡವನ್ನು ಮೇಯ್ದ ಹಸುವಿನ ಹಾಲು ವಿಷವಾಗುತ್ತಿತ್ತು. ಕಾರಣ ತಿಳಿಯದ ಜನ ಅದರಿಂದ ಬರುವ ರೋಗವನ್ನು ಹಾಲಿನ ಕಾಯಿಲೆ ಎನ್ನುತ್ತಿದ್ದರು. ನ್ಯಾನ್ಸಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಚಿಕ್ಕಪ್ಪ ಅದರಿಂದಲೇ ಸತ್ತರು. ಕೆಲವೇ ದಿನಗಳಲ್ಲಿ, 1818ರ ಅಕ್ಟೋಬರ್ 5ರಂದು, ನ್ಯಾನ್ಸಿಯೂ ಹೋದಳು. ಅಬ್ರಹಾಮನಿಗೆ ಆಗ ಒಂಬತ್ತು ವರ್ಷ. ಅಪ್ಪ ಮಾಡುತ್ತಿದ್ದ ಶವಪೆಟ್ಟಿಗೆಗೆ ಮರದ ಮೊಳೆಗಳನ್ನು ಕೆತ್ತಿಕೊಟ್ಟವನು ಅವನೇ ಎನ್ನುತ್ತಾರೆ. ಸಮಾಧಿಗೆ ಒಳ್ಳೆಯದೊಂದು ಕಲ್ಲು ಬಂದದ್ದು 1879ರಲ್ಲಿ, ಮಗನೂ ಗತಿಸಿ ಹದಿನಾಲ್ಕು ವರ್ಷವಾದ ಮೇಲೆ.

ಇಷ್ಟು ದಾಖಲೆಯಲ್ಲಿದೆ. ಆದರೆ ನ್ಯಾನ್ಸಿ ಯಾರ ಮಗಳು? ಲೂಸಿ ಹ್ಯಾಂಕ್ಸ್ ಎಂಬ ಅವಿವಾಹಿತೆಯ ಮಗಳೆಂದು ಒಂದು ಪಕ್ಷ. ಅಲ್ಲ, ಶಿಪ್ಲಿ ಮನೆತನದಿಂದ ಬಂದ ಸೊಸೆಯೊಬ್ಬಳ ಮಗಳೆಂದು ಇನ್ನೊಂದು. ತನ್ನ ತಾಯಿ ಮದುವೆಯ ಹೊರಗೆ ಹುಟ್ಟಿದವಳು, ಅವಳ ತಂದೆ ವರ್ಜೀನಿಯಾದ ಕುಲೀನ ಜಮೀನುದಾರ, ತನ್ನ ಬುದ್ಧಿಶಕ್ತಿ ಬಂದದ್ದು ಆ ತಾತನಿಂದ ಎಂದು ಲಿಂಕನ್ನನೇ ಒಮ್ಮೆ ಗಾಡಿಯಲ್ಲಿ ಹೋಗುತ್ತ ತನಗೆ ಹೇಳಿದನೆಂದು ಅವನ ವಕೀಲ ಗೆಳೆಯ ವಿಲಿಯಂ ಹರ್ನ್‌ಡನ್ ಬರೆದ. ಅದಕ್ಕೆ ಎಷ್ಟು ಸಿಟ್ಟು, ಎಷ್ಟು ಖಂಡನೆ! ಕಾಗದಗಳಲ್ಲಿ ಹುಡುಕಿದರೆ, ತೆರಿಗೆಯ ಪಟ್ಟಿಯಲ್ಲಿ, ಜಮೀನಿನ ದಸ್ತಾವೇಜಿನಲ್ಲಿ ಹೆಚ್ಚಾಗಿ ಇರುವುದು ಗಂಡಸರ ಹೆಸರು. ಮದುವೆಯೊಂದಿಗೆ ಹೆಣ್ಣಿನ ಮನೆತನದ ಹೆಸರೇ ಮರೆಯಾಗುತ್ತದೆ. ಜಗಳ ನೂರು ವರ್ಷ ದಾಟಿದರೂ ಕಾಗದ ಬಾಯಿಬಿಡಲಿಲ್ಲ.

ನನ್ನನ್ನು ಬೆರಗುಗೊಳಿಸುವುದು ಇಲ್ಲಿಂದ ಮುಂದಿನದು. ನಮ್ಮ ಜೀವಕೋಶಗಳ ಮೈಟೋಕಾಂಡ್ರಿಯಾದಲ್ಲಿ ಒಂದು ಪುಟ್ಟ ಡಿಎನ್ಎ ಇದೆ, ಹದಿನಾರು ಸಾವಿರದ ಚಿಲ್ಲರೆ ಅಕ್ಷರಗಳ ಬರಹ. ಅದು ತಾಯಿಯಿಂದಲೇ ಬರುವುದು. ಗಂಡುಮಕ್ಕಳಿಗೂ ಸಿಗುತ್ತದೆ, ಆದರೆ ಅವರು ಅದನ್ನು ದಾಟಿಸಲಾರರು. ಲಿಂಕನ್ನನಲ್ಲಿ ಅದು ಅವನೊಂದಿಗೇ ಮುಗಿಯಿತು. ಅಕ್ಕ ಸಾರಾ 1828ರಲ್ಲಿ ಹೆರಿಗೆಯಲ್ಲಿ ಸತ್ತಳು, ಮಗುವೂ ಉಳಿಯಲಿಲ್ಲ. ಅಲ್ಲಿಗೆ ನ್ಯಾನ್ಸಿಯ ಹೆಣ್ಣು ಸಂತತಿಯ ಎಳೆ ಕಡಿದುಹೋಯಿತು. ಲಿಂಕನ್ನನ ವಂಶವೇ 1985ರಲ್ಲಿ ಕೊನೆಯಾಯಿತು.

ಆದರೂ ಆ ಬರಹ ಅಳಿದಿರಲಿಲ್ಲ! ಲೂಸಿ ಮುಂದೆ ಮದುವೆಯಾಗಿ ಹೆಣ್ಣುಮಕ್ಕಳನ್ನು ಹೆತ್ತಿದ್ದಳು. ಅವಳಿಗೆ ಅಕ್ಕತಂಗಿಯರೂ ಇದ್ದರು. ಅವರ ಮಗಳು, ಮಗಳ ಮಗಳು, ಅವಳ ಮಗಳು. ಜೋಳದ ಹೊಲದಲ್ಲಿ ದುಡಿದವರು, ರೊಟ್ಟಿ ಸುಟ್ಟವರು, ಮರದ ದಿಮ್ಮಿಯ ಗುಡಿಸಲುಗಳಲ್ಲಿ ಹೆತ್ತವರು. ಇತಿಹಾಸದ ಒಂದು ದೊಡ್ಡ ವ್ಯಾಜ್ಯದ ಸಾಕ್ಷಿ ತಮ್ಮ ಮೈಯೊಳಗಿದೆ ಎಂಬ ಅರಿವು ಅವರಲ್ಲಿ ಒಬ್ಬಳಿಗಾದರೂ ಇತ್ತೇ? ಇಲ್ಲ. ಅರಿಯದೆಯೇ ಒಬ್ಬಳು ಇನ್ನೊಬ್ಬಳಿಗೆ ಒಪ್ಪಿಸುತ್ತ ಇನ್ನೂರು ವರ್ಷ ಕಾದರು. ಆ ಹೆಣ್ಣುಸಾಲಿನ ಇಂದಿನ ಮಂದಿಯ ಡಿಎನ್ಎ ಓದಿ 2015ರಲ್ಲಿ ಸಂಶೋಧಕರು ವಂಶಾವಳಿಯೊಡನೆ ತಾಳೆ ನೋಡಿದರು. ಎಕ್ಸ್1ಸಿ ಎಂಬ ಬಲು ಅಪರೂಪದ ಗುರುತು ಹ್ಯಾಂಕ್ಸ್ ಹೆಂಗಸರ ಸಾಲಿನಲ್ಲಿ ಸಿಕ್ಕಿತು. ನ್ಯಾನ್ಸಿ ಲೂಸಿಯ ಮಗಳೇ ಎಂದು ಅವರು ತೀರ್ಮಾನಿಸಿದರು.

ತನ್ನ ಹಿರಿಮೆಯನ್ನು ಹೆಸರೇ ಇಲ್ಲದ ತಾತನಿಗೆ ಒಪ್ಪಿಸಿದ ಲಿಂಕನ್ನನ ಮಾತು ನನಗೆ ಒಪ್ಪಿಗೆಯಲ್ಲ. ಕೂಸನ್ನು ಹೊತ್ತು, ಊರಿನ ಮಾತು ಕೇಳಿ, ಬದುಕಿದವಳು ಅಜ್ಜಿ. ವಂಶವೃಕ್ಷ ಬರೆಯುವವರು ಇನ್ನಾದರೂ ನ್ಯಾನ್ಸಿಯ ತಾಯಿಯ ಜಾಗದಲ್ಲಿ ಲೂಸಿ ಹ್ಯಾಂಕ್ಸಳ ಹೆಸರನ್ನು ಪ್ರಶ್ನೆಯ ಚಿಹ್ನೆಯಿಲ್ಲದೆ ಬರೆಯಬೇಕು.