ಉಲ್ಲೇಖದ ತಕ್ಕಡಿ

ವಿದ್ಯಾರ್ಥಿಯ ಅರಿವನ್ನು ಅಂಕಗಳಿಂದ ಅಳೆಯುವುದು ನಮ್ಮ ಶಾಲೆಗಳಲ್ಲಿ ನಡೆದುಬಂದ ಪದ್ಧತಿ. ಅಂಕವು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲವೆಂಬುದನ್ನು ಉಪಾಧ್ಯಾಯರಾದವರೆಲ್ಲರೂ ಬಲ್ಲರು. ಇಂಥ ಅಳತೆಯೊಂದು ವಿದ್ವಾಂಸರಿಗೂ ಬಂದೊದಗಿದೆ. ಒಬ್ಬ ವಿಜ್ಞಾನಿಯ ಪ್ರಬಂಧವನ್ನು ಇತರರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರೆಂದು ಎಣಿಸಿ, ಆ ಎಣಿಕೆಯಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುತ್ತಾರೆ. ಇದು ನ್ಯಾಯವೇ ಎಂಬುದನ್ನು ನಾವು ಒಂದು ನಿಜವಾದ ಬಾಳಿನ ಬೆಳಕಿನಲ್ಲಿ ವಿಚಾರಿಸೋಣ.

ಗೈ ಸ್ಟೂವರ್ಟ್ ಕ್ಯಾಲೆಂಡರ್ 1898ರಲ್ಲಿ ಹುಟ್ಟಿದ ಆಂಗ್ಲ ಎಂಜಿನಿಯರು. ಉಗಿಯ ಗುಣಗಳನ್ನು ಪರಿಶೋಧಿಸುವುದು ಆತನ ವೃತ್ತಿ. ಹವಾಮಾನಶಾಸ್ತ್ರವು ಬಿಡುವಿನ ವೇಳೆಯ ವ್ಯಾಸಂಗ. ಲೋಕದ ನೂರಕ್ಕೂ ಮಿಕ್ಕ ಕೇಂದ್ರಗಳ ಉಷ್ಣತೆಯ ದಾಖಲೆಗಳನ್ನು ಕೂಡಿಹಾಕಿ, ಕೈಯಿಂದಲೇ ಲೆಕ್ಕಮಾಡಿ, 1938ರಲ್ಲಿ ಇಂಗ್ಲೆಂಡಿನ ರಾಯಲ್ ಮಿಟಿಯರಲಾಜಿಕಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನು ಮಂಡಿಸಿದನು. ಹಿಂದಿನ ಅರ್ಧ ಶತಮಾನದಲ್ಲಿ ಭೂಮಿಯ ಉಷ್ಣತೆ ವರ್ಷಕ್ಕೆ ಸರಾಸರಿ 0.005 ಡಿಗ್ರಿ ಸೆಂಟಿಗ್ರೇಡಿನಂತೆ ಏರಿದೆ. ಮನುಷ್ಯನು ಕಲ್ಲಿದ್ದಲು ಮೊದಲಾದ ಇಂಧನಗಳನ್ನುರಿಸಿ ಗಾಳಿಗೆ ಸೇರಿಸಿದ ಇಂಗಾಲಾಮ್ಲ ವಾಯುವೇ ಆ ಏರಿಕೆಯ ಬಹುಪಾಲಿಗೆ ಕಾರಣ. ಇದು ಆತನ ವಾದ. ಈ ವಾಯು ಶಾಖವನ್ನು ತಡೆಹಿಡಿಯುತ್ತದೆಂಬುದನ್ನು ಟಿಂಡಾಲನು 1859ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದನು. 1896ರಲ್ಲಿ ಸ್ವೀಡನ್ನಿನ ಅರ‍್ಹೇನಿಯಸನು ಅದರ ಪರಿಣಾಮವನ್ನು ಗಣಿಸಿದ್ದನು. ಅದಕ್ಕೆ ಅಳತೆಯ ಆಧಾರವನ್ನು ಜೋಡಿಸಿದುದು ಕ್ಯಾಲೆಂಡರನ ಹಿರಿಮೆ.

ಸಭೆಯಲ್ಲಿದ್ದ ವೃತ್ತಿಪರರು ಸಂದೇಹಪಟ್ಟರು. ಸಂದೇಹವು ಅನ್ಯಾಯವಲ್ಲ; ವಿಜ್ಞಾನದ ಧರ್ಮವೇ ಅದು. ಆತನೂ ಮುನಿಯದೆ ಮುಂದಿನ ಎರಡೂವರೆ ದಶಕಗಳ ಕಾಲ ಲೆಕ್ಕವನ್ನು ತಿದ್ದುತ್ತ ಬರೆದನು. 1958ರಲ್ಲಿ ಚಾರ್ಲ್ಸ್ ಕೀಲಿಂಗನು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಈ ವಾಯುವನ್ನು ಅಳೆಯತೊಡಗಿದಾಗ ಅದು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಇದ್ದಿತು. ಈಗ 420ನ್ನು ಮೀರಿದೆ. ಕ್ಯಾಲೆಂಡರನು 1964ರಲ್ಲಿ ತೀರಿಕೊಂಡನು. 2013ರಲ್ಲಿ ಹಾಕಿನ್ಸ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು ಆತನ ಗಣನೆಯನ್ನು ಹೊಸ ದಾಖಲೆಗಳೊಡನೆ ಹೋಲಿಸಿದಾಗ ಎರಡೂ ಬಹುಮಟ್ಟಿಗೆ ತಾಳೆಯಾದವು. ಹಾಗೆ ಎಲೆಮರೆಯ ಕಾಯಿ ಹಣ್ಣಾಗಿ ಕಾಣಿಸಿಕೊಳ್ಳಲು 75 ವರ್ಷಗಳು ಹಿಡಿದವು.

ಆತನು ತೀರಿಕೊಂಡ 1964ರಲ್ಲಿಯೇ ಅಮೆರಿಕದ ಯೂಜೀನ್ ಗಾರ್ಫೀಲ್ಡನ ವಿಜ್ಞಾನ ಉಲ್ಲೇಖಸೂಚಿ ಬಳಕೆಗೆ ಬಂದಿತು. ಒಂದು ವಿಚಾರ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಹರಿಯಿತು, ಯಾರು ಅದನ್ನು ತಿದ್ದಿದರು ಎಂಬುದನ್ನು ಹುಡುಕಲು ನೆರವಾಗುವುದೇ ಅದರ ಮೊದಲ ಉದ್ದೇಶ. ಕಾಲಾನಂತರ ದಾರಿ ತೋರುವ ಕೈಮರವೇ ತೂಗುವ ತಕ್ಕಡಿಯಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಒಂದು ಸೂತ್ರವನ್ನು ಕೊಟ್ಟನು. ಒಬ್ಬನ 20 ಪ್ರಬಂಧಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ 20. ಎರಡೇ ಪ್ರಬಂಧ ಬರೆದವನಿಗೆ, ಅವು ಸಾವಿರ ಸಲ ಉಲ್ಲೇಖಗೊಂಡರೂ, 2ಕ್ಕಿಂತ ಹೆಚ್ಚು ದೊರೆಯದು.

ಹಾಗಾದರೆ ಎಣಿಕೆಯನ್ನು ಬಿಟ್ಟೇಬಿಡೋಣವೆ? ಅದಕ್ಕೂ ನಮ್ಮ ಮನಸ್ಸು ಒಪ್ಪದು. ಎಣಿಕೆಯಿಲ್ಲದೆಡೆ ಮುಖಸ್ತುತಿಯೂ ವಶೀಲಿಯೂ ತಲೆಯೆತ್ತುತ್ತವೆ. ಯಾವ ಆಸರೆಯೂ ಇಲ್ಲದ ದೂರದೂರಿನ ವಿದ್ವಾಂಸನಿಗೆ ನಿಷ್ಪಕ್ಷಪಾತವಾದ ಒಂದು ಅಂಕೆ ರಕ್ಷಣೆಯೂ ಆಗಬಹುದು. ಇದು ಒಪ್ಪತಕ್ಕ ಮಾತು. ಆದರೆ ಸಾಕ್ಷಿ ನುಡಿಯಬೇಕಾದ ಅಂಕೆಯನ್ನು ನ್ಯಾಯಪೀಠದಲ್ಲಿ ಕೂರಿಸಿದಾಗ ಅಧರ್ಮವಾಗುತ್ತದೆ. ಹೊಗಳಿ ಉಲ್ಲೇಖಿಸಿದುದನ್ನೂ ಖಂಡಿಸಿ ಉಲ್ಲೇಖಿಸಿದುದನ್ನೂ ಅಂಕೆಯು ಒಂದೇ ಎಂದು ಎಣಿಸುತ್ತದೆ. ಕ್ಯಾಲೆಂಡರನೂ ಒಂದೆಡೆ ಎಡವಿದನು: ಉಷ್ಣತೆಯ ಏರಿಕೆಯಿಂದ ಮನುಷ್ಯನಿಗೆ ಹಿತವೇ ಆಗುವುದೆಂದು ನಂಬಿದನು. ಆತನ ಗಣನೆಯಲ್ಲಿ ಸರಿ ಯಾವುದು, ನಂಬಿಕೆಯಲ್ಲಿ ತಪ್ಪು ಯಾವುದು ಎಂದು ಬೇರ್ಪಡಿಸಬೇಕಾದರೆ ಪ್ರಬಂಧವನ್ನು ಓದಬೇಕು, ಎಣಿಸಿದರೆ ಸಾಲದು.

ಉಲ್ಲೇಖವೆಂದರೆ ಮೂಲತಃ ಋಣಸ್ವೀಕಾರ. ಈ ದೀಪವನ್ನು ಇಂಥವರಿಂದ ಹಚ್ಚಿಕೊಂಡೆನೆಂದು ನೆನೆಯುವ ಸಜ್ಜನಿಕೆ ಅದರಲ್ಲಿದೆ. ಕ್ಯಾಲೆಂಡರನು ತನಗಿಂತ ಹಿಂದಿನವರನ್ನು ನೆನೆದನು. ಮುಂದಿನವರು ಆತನನ್ನು ನೆನೆದರು. ಋಣವನ್ನು ಒಪ್ಪಿಕೊಳ್ಳುವುದು ಪಡೆದವನ ಧರ್ಮ. ಅದನ್ನು ಆಸ್ತಿಯಂತೆ ಎಣಿಸುತ್ತ ಕೂರುವುದು ಕೊಟ್ಟವನ ಧರ್ಮವಲ್ಲ. ಎಣಿಕೆಗಾಗಿಯೇ ಬರೆಯತೊಡಗಿದವನು ಎಲ್ಲರೂ ಈಗಾಗಲೇ ಕೇಳುತ್ತಿರುವ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆ. ಯಾರೂ ಕೇಳದ ಪ್ರಶ್ನೆ ಅನಾಥವಾಗಿಯೇ ಉಳಿಯುತ್ತದೆ. ಅದರಿಂದ ನಷ್ಟವಾಗುವುದು ಅವನೊಬ್ಬನಿಗಲ್ಲ, ಲೋಕಕ್ಕೆ.

ನಮ್ಮ ತರಗತಿಗಳಲ್ಲಿಯೂ ಕಡೆಯ ಸಾಲಿನಲ್ಲಿ ಕುಳಿತು, ಪರೀಕ್ಷೆಗೆ ಬಾರದ ಪ್ರಶ್ನೆಯೊಂದನ್ನು ಮೆಲ್ಲಗೆ ಕೇಳುವ ಹುಡುಗನಿರಬಹುದು, ಹುಡುಗಿಯಿರಬಹುದು. ಆ ಪ್ರಶ್ನೆಗೆ ಅಂಕವಿಲ್ಲವೆಂದು ನಾವು ಪಾಠವನ್ನು ಮುಂದುವರಿಸುವುದು ಸುಲಭ. ಒಂದು ಗಳಿಗೆ ನಿಂತು, ಕಿವಿಗೊಟ್ಟು, ಅದನ್ನು ಕರಿಹಲಗೆಯ ಒಂದು ಮೂಲೆಯಲ್ಲಾದರೂ ಬರೆದಿಡುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ.