ಇನ್ನೆರಡು ದಿನ ತಾನೆ

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಮುದ್ರ ಮತ್ತು ನದಿಯ ನಡುವೆ ಹಾದುಹೋಗುತ್ತದೆ. ಗೋಕರ್ಣದ ಕಡೆಯಿಂದ ಉಡುಪಿಗೆ ಬರುವವರಿಗೆ ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಸೌಪರ್ಣಿಕಾ. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಆ ಜಾಗ ಬಂದಾಗ ಹಿಂದಿನ ಸೀಟಿನಲ್ಲಿದ್ದ ನಾನು ‘ಅಪ್ಪಾ, ಎಡಗಡೆ ನೋಡಿ, ಹೊಳೆ’ ಎಂದೆ. ಅಪ್ಪ ನೋಡಿದರು. ಆದರೆ ನೋಡಲು ಕಣ್ಣು ಹೊರಳಿಸಲಿಲ್ಲ, ಕತ್ತು ಭುಜ ಎರಡನ್ನೂ ಪೂರ್ತಿ ತಿರುಗಿಸಿದರು. ಅದರ ಜೊತೆಗೆ ಸ್ಟಿಯರಿಂಗೂ ಅಷ್ಟು ತಿರುಗಿತು. ಪಕ್ಕದಲ್ಲಿದ್ದ ಅಮ್ಮ ‘ರೋಡು, ರೋಡು’ ಎಂದರು. ಕಾರು ಮತ್ತೆ ನೆಟ್ಟಗಾಯಿತು. ಅಮ್ಮನ ದನಿಯಲ್ಲಿ ಗಾಬರಿ ಇರಲಿಲ್ಲ, ಅಭ್ಯಾಸ ಇತ್ತು. ನನಗೆ ಗಾಬರಿಯಾದದ್ದು ಅದಕ್ಕೇ.

ಅದು ನಮ್ಮ ಪ್ರವಾಸದ ಹದಿನೈದನೆಯ ದಿನ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಸರ್ವೀಸಿನಲ್ಲಿದ್ದಾಗ ನಮ್ಮನ್ನು ಧರ್ಮಸ್ಥಳ, ಸುಬ್ರಹ್ಮಣ್ಯದಾಚೆಗೆ ಕರೆದುಕೊಂಡು ಹೋದದ್ದಿಲ್ಲ. ಆ ಸಾಲವನ್ನೆಲ್ಲ ಒಂದೇ ಬೇಸಿಗೆಯಲ್ಲಿ ತೀರಿಸುವಂತೆ ಅವರು ಯೋಜನೆ ಹಾಕಿದ್ದರು. ಮೈಸೂರಿನಿಂದ ಚಿತ್ರದುರ್ಗ, ಹಂಪಿ, ಬಾದಾಮಿ, ವಿಜಯಪುರ. ಅಲ್ಲಿಂದ ಪಂಢರಪುರ, ಕೊಲ್ಹಾಪುರ. ಗೋವಾದಲ್ಲಿ ಕಡಲು ಹಿಡಿದು ಕರಾವಳಿಯುದ್ದಕ್ಕೂ ಕೆಳಗಿಳಿದು, ಮಡಿಕೇರಿ ಹತ್ತಿ ಮನೆಗೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಕಿಲೋಮೀಟರು, ಪೆಟ್ರೋಲು, ಟೋಲು, ಊಟದ ಖರ್ಚು ಬರೆಯುತ್ತಿದ್ದರು. ಗೋವಾದವರೆಗೆ ತಮ್ಮ ಜೊತೆಗಿದ್ದ, ಕಾರನ್ನು ಅರ್ಧ ಅವನೇ ಓಡಿಸಿದ್ದ. ರಜೆ ಮುಗಿದು ಅವನು ಬೆಂಗಳೂರಿಗೆ ಬಸ್ಸು ಹತ್ತಿದ ಮೇಲೆ ಉಳಿದವರು ನಾವು ಮೂವರು. ನನಗೂ ಲೈಸೆನ್ಸ್ ಇದೆ. ಯೂನಿವರ್ಸಿಟಿ ಕ್ಯಾಂಪಸ್ಸಿನಿಂದ ಸರಸ್ವತಿಪುರದವರೆಗೆ ಓಡಿಸಿದ್ದೇನೆ, ಅಷ್ಟೆ.

ಮರವಂತೆ ದಾಟಿದ ಮೇಲೆ ಹಿಂದಿನ ಎರಡು ದಿನಗಳನ್ನು ನೆನಪಿಸಿಕೊಳ್ಳುತ್ತ ಹೋದೆ. ಅಂಕೋಲೆಯಲ್ಲಿ ‘ಎಡಕ್ಕೆ ಸೈಕಲ್’. ಭಟ್ಕಳದ ಹತ್ತಿರ ‘ಎಡಕ್ಕೆ ಹೆಂಗಸು, ತಲೆ ಮೇಲೆ ಬುಟ್ಟಿ’. ಅದುವರೆಗೆ ನಾನು ಅದನ್ನು ಗಂಡನ ಪಕ್ಕ ಕೂತ ಎಲ್ಲ ಹೆಂಡತಿಯರೂ ಮಾಡುವ ಕಿರಿಕಿರಿ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅಮ್ಮ ಬಲಗಡೆಯ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ.

ಆ ರಾತ್ರಿ ಉಡುಪಿಯ ಲಾಡ್ಜಿನಲ್ಲಿ ಅಪ್ಪ ಸ್ನಾನಕ್ಕೆ ಹೋದಾಗ ಕೇಳಿದೆ. ಅಮ್ಮ ಮುಚ್ಚಿಡಲಿಲ್ಲ. ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ಗ್ಲಾಕೋಮ ಎಂದಿದ್ದರಂತೆ. ಡ್ರಾಪ್ಸ್ ಕೊಟ್ಟು, ರಾತ್ರಿ ಡ್ರೈವ್ ಮಾಡಬೇಡಿ, ದೃಷ್ಟಿಯ ವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿಕೊಳ್ಳಿ ಎಂದು ಕಳಿಸಿದ್ದರು. ಟೆಸ್ಟನ್ನು ಅಪ್ಪ ‘ಟೂರ್ ಮುಗಿಸಿಕೊಂಡು ಬಂದು’ ಎಂದು ಮುಂದೂಡಿದ್ದರು. ಎಡಗಡೆ ಕಾಣುತ್ತಿಲ್ಲ ಎಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಎಡಗಡೆ ಇಟ್ಟ ಕಾಫಿ ಲೋಟ ಎರಡು ಸಲ ಉರುಳಿದಾಗ ಆಕೆಗೆ ತಾನಾಗಿ ಗೊತ್ತಾಗಿತ್ತು. ‘ಅವರಿಗೆ ಗೊತ್ತಾ?’ ಎಂದೆ. ‘ಗೊತ್ತಿಲ್ಲ ಅನ್ಸುತ್ತೆ. ಗೊತ್ತಿದ್ರೂ ಹೇಳ್ಕೊಳೋ ಮನುಷ್ಯ ಅಲ್ಲ’ ಎಂದು, ಆಮೇಲೆ ‘ಇನ್ನೆರಡು ದಿನ ತಾನೆ. ಮನೆ ಸೇರ್ಕೊಂಡ್ಮೇಲೆ ನಿಧಾನಕ್ಕೆ ಹೇಳೋಣ. ಇಷ್ಟು ವರ್ಷಕ್ಕೆ ಒಂದು ಸಲ ಆಸೆಪಟ್ಟು ಹೊರಟಿದ್ದಾರೆ’ ಎಂದರು.

ಗ್ಲಾಕೋಮದ ವಿಚಿತ್ರವೆಂದರೆ ಅದು ಸಾಮಾನ್ಯವಾಗಿ ನೋಯುವುದಿಲ್ಲ. ದೃಷ್ಟಿ ಅಂಚಿನಿಂದ ನಿಧಾನವಾಗಿ ಸವೆಯುತ್ತದೆ. ಕಾಣದ ಜಾಗದಲ್ಲಿ ಕಪ್ಪು ಕಾಣಿಸುವುದೂ ಇಲ್ಲ. ಸುತ್ತ ಇರುವುದನ್ನು ನೋಡಿ ಮಿದುಳು ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಅಲ್ಲಿ ಒಬ್ಬ ಮನುಷ್ಯನಿದ್ದರೂ ಖಾಲಿ ರಸ್ತೆಯೇ ಕಂಡಂತಿರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು.

ಕೆಳಗೆ ರಿಸೆಪ್ಷನ್ನಿಗೆ ಹೋಗಿ, ನಾಳೆ ಮೈಸೂರಿನವರೆಗೆ ಕಾರು ಓಡಿಸಲು ಯಾರಾದರೂ ಸಿಗುತ್ತಾರೆಯೇ ಎಂದು ವಿಚಾರಿಸಿದೆ. ಸಿಗುತ್ತಾರೆ ಎಂದರು, 3,500 ರೂಪಾಯಿ, ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ಆಮೇಲೆ ಹೇಳ್ತೀನಿ ಎಂದು ಮೇಲೆ ಬಂದೆ. ಅಪ್ಪ ಮಂಚದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ‘ನಾಳೆ ಸಂಪಾಜೆ ಘಾಟಿ. ಮಜಾ ಇರುತ್ತೆ’ ಎಂದರು. ನಾನು ಏನೂ ಹೇಳಲಿಲ್ಲ. ಈ ಬರಹ ಆ ಏನೂ ಹೇಳದಿರುವುದರ ಬಗ್ಗೆ.

ಮರುದಿನ ಅಮ್ಮನಿಗೆ ಕಾರಿನಲ್ಲಿ ವಾಂತಿ ಬರುವಂತಾಗುತ್ತದೆ ಎಂಬ ನೆಪದಲ್ಲಿ ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸುತ್ತ ಬಂದೆವು. ಸುಳ್ಯ ದಾಟಿ ಸಂಪಾಜೆಯಿಂದ ಮೇಲೆ ಹತ್ತುವಾಗ ನಾವಿಬ್ಬರೂ ಸೇರಿ ಎಡಗಡೆ ಕಾಯುತ್ತಿದ್ದೆವು. ಜೋಡುಪಾಲ, ಮದೆನಾಡಿನ ಹತ್ತಿರ 2018ರ ಭೂಕುಸಿತದ ಸುದ್ದಿ ನೆನಪಿಸಿಕೊಂಡು ಅಪ್ಪ ವಿವರಿಸುತ್ತಿದ್ದರು. ನನಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಮಡಿಕೇರಿ, ಕುಶಾಲನಗರ ದಾಟಿ ರಸ್ತೆ ಸಪಾಟಾದಾಗ ಅಮ್ಮನಿಗೆ ನಿದ್ದೆ ಹತ್ತಿತು. ನನಗೂ ‘ಬಂದುಬಿಟ್ಟೆವು’ ಅನ್ನಿಸಿ ಫೋನು ತೆಗೆದೆ. ಹುಣಸೂರಿಗೆ ಸ್ವಲ್ಪ ಮೊದಲು ತಲೆಯೆತ್ತಿದಾಗ ಎಡಗಡೆ ಒಬ್ಬ ಮುದುಕ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಡಾಂಬರಿನ ಅಂಚಿನಲ್ಲೇ ನಡೆಯುತ್ತಿದ್ದ. ಕಾರು ನೇರ ಅವನ ಕಡೆಗೇ ಹೋಗುತ್ತಿತ್ತು. ‘ಅಪ್ಪಾ, ಎಡಕ್ಕೆ!’ ಎಂದು ಕಿರುಚಿದೆ. ಅಪ್ಪ ಬಲಕ್ಕೆ ಎಳೆದರು. ಒಂದು ಮೊಳದ ಅಂತರ. ಹುಲ್ಲು ಕನ್ನಡಿಗೆ ಸವರಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅವನು ಅದೇ ನಡಿಗೆಯಲ್ಲಿ ಬರುತ್ತಿದ್ದ. ನಾವು ನಿಲ್ಲಿಸಲಿಲ್ಲ. ಮನೆಯವರೆಗೂ ಯಾರೂ ಮಾತಾಡಲಿಲ್ಲ.

ಮನೆಯಲ್ಲಿ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು ‘ಒಂದು ಗೀರೂ ಇಲ್ಲ’ ಎಂದರು. ನೋಟ್‌ಬುಕ್ಕಿನಲ್ಲಿ ಒಟ್ಟು 2,140 ಕಿ.ಮೀ. ಎಂದು ಬರೆದು, ಕೆಳಗೆ ಗೆರೆ ಎಳೆದು, ‘ಸುಖ ಪ್ರಯಾಣ’ ಎಂದು ಸೇರಿಸಿದರು. ಅಮ್ಮ ನನ್ನ ಮುಖ ನೋಡಿ ‘ಏನೂ ಆಗಲಿಲ್ವಲ್ಲ’ ಎಂದರು.

ಬ್ರಿಟಿಷ್ ಗಣಿತಜ್ಞ, ತತ್ತ್ವಚಿಂತಕ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ‘ದಿ ಎಥಿಕ್ಸ್ ಆಫ್ ಬಿಲೀಫ್’ ಎಂಬ ಪ್ರಬಂಧ ಬರೆದ. ಅದು ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳೆಯದು, ರಿಪೇರಿ ಬೇಕಾಗಿರಬಹುದು ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆಯಲ್ಲ, ದೇವರಿದ್ದಾನಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅನುಮಾನವನ್ನು ನಿಧಾನವಾಗಿ ಅದುಮಿ, ಕೊನೆಗೆ ನಿಜವಾಗಿಯೂ ನಂಬಿ, ವಲಸೆ ಹೊರಟ ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನಲು ಯಾರಿಗೂ ಕಷ್ಟವಿಲ್ಲ. ಆಮೇಲೆ ಕ್ಲಿಫರ್ಡ್ ಕಥೆಯನ್ನು ಬದಲಾಯಿಸುತ್ತಾನೆ: ಹಡಗು ಮುಳುಗಲೇ ಇಲ್ಲ ಎಂದುಕೊಳ್ಳಿ. ಆಗ ಅವನ ತಪ್ಪು ಕಡಿಮೆಯಾಯಿತೆ? ಒಂದಿಷ್ಟೂ ಇಲ್ಲ ಎಂಬುದು ಅವನ ಉತ್ತರ. ಮಾಡಿದ ಕ್ಷಣದಲ್ಲೇ ಕೆಲಸ ಸರಿ ಅಥವಾ ತಪ್ಪಾಗಿಬಿಟ್ಟಿರುತ್ತದೆ. ಆಮೇಲಿನ ಫಲಿತಾಂಶದಿಂದ ಗೊತ್ತಾಗುವುದು ಸಿಕ್ಕಿಬಿದ್ದನೋ ಇಲ್ಲವೋ ಎಂಬುದು ಮಾತ್ರ.

ಈ ಪ್ರಬಂಧವನ್ನು ಅದೇ ಜನವರಿಯಲ್ಲಿ ನಾನು ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೆ. ‘ಹಡಗು ವಾಪಸ್ ಬಂತಲ್ಲ ಮೇಡಂ, ಮತ್ತೇನು ತಪ್ಪು?’ ಎಂದು ಒಬ್ಬ ಹುಡುಗ ಕೇಳಿದಾಗ ಬಹಳ ಆತ್ಮವಿಶ್ವಾಸದಿಂದ ಉತ್ತರಿಸಿದ್ದೆ. ಉಡುಪಿಯ ಲಾಡ್ಜಿನ ಮೆಟ್ಟಿಲ ಮೇಲೆ ಅದು ನೆನಪಾಗಲಿಲ್ಲ. ನೆನಪಾದದ್ದು ಮೈಸೂರಿನಲ್ಲಿ, ‘ಏನೂ ಆಗಲಿಲ್ವಲ್ಲ’ ಎಂಬ ಮಾತಿಗೆ ನನ್ನ ಬಳಿ ಉತ್ತರ ಇಲ್ಲದಾಗ.

ಕ್ಲಿಫರ್ಡನಿಗೆ ಎದುರಾಗಿ ನಿಲ್ಲುವ ಒಂದು ಅನುಭವವೂ ಇದೆ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ‘ನೈತಿಕ ಅದೃಷ್ಟ’ದ ಬಗ್ಗೆ ಚರ್ಚಿಸಿದ್ದು ಇದನ್ನೇ. ಬ್ರೇಕು ಪರೀಕ್ಷಿಸದೆ ಲಾರಿ ಓಡಿಸಿದ ಇಬ್ಬರಲ್ಲಿ ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಇಬ್ಬರ ಅಜಾಗ್ರತೆಯೂ ಒಂದೇ, ಆದರೆ ನಾವು ಇಬ್ಬರನ್ನೂ ಒಂದೇ ರೀತಿ ನೋಡುವುದಿಲ್ಲ, ಅವರೂ ತಮ್ಮನ್ನು ಹಾಗೆ ನೋಡಿಕೊಳ್ಳುವುದಿಲ್ಲ. ಆ ಮುದುಕ ಬಿದ್ದಿದ್ದರೆ ನಾನು ಈ ಬರಹ ಬರೆಯುತ್ತಿದ್ದೆನೆ? ಇಲ್ಲ. ನಾನು ಬೇರೆಯೇ ಮನುಷ್ಯಳಾಗಿರುತ್ತಿದ್ದೆ. ಹಾಗಾಗಿ ಫಲಿತಾಂಶಕ್ಕೆ ಬೆಲೆಯೇ ಇಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ನಮ್ಮಿಬ್ಬರ ನಡುವಿನ ಆ ಒಂದು ಮೊಳ ನನ್ನ ಸಂಪಾದನೆ ಅಲ್ಲ. ಫೋನಿನಿಂದ ತಲೆಯೆತ್ತಿದ ಒಂದು ಆಕಸ್ಮಿಕಕ್ಕೆ ಸೇರಿದ್ದು. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಕಾಲ್ನಡಿಗೆಯವರು. ಅವರನ್ನು ಕೊಂದವರಲ್ಲಿ ಎಷ್ಟು ಜನ ನಮ್ಮಂತೆಯೇ ಮನೆ ಹತ್ತಿರ ಬಂತು ಎಂದುಕೊಂಡಿದ್ದಿರಬಹುದು?

ಪ್ರವಾಸದ ಮೊದಲ ದಿನ ಚಿತ್ರದುರ್ಗದಲ್ಲೇ ಈ ವಿಷಯ ತಿಳಿದಿದ್ದರೆ ಖಂಡಿತ ತಡೆಯುತ್ತಿದ್ದೆ. ಎರಡು ಸಾವಿರ ಕಿಲೋಮೀಟರು ಬಾಕಿ ಇದೆ, ಹೀಗೆ ಹೋಗುವುದು ಹುಚ್ಚುತನ ಎನ್ನುತ್ತಿದ್ದೆ. ಮುನ್ನೂರು ಕಿಲೋಮೀಟರು ಉಳಿದಾಗ ಅದೇ ವಿಷಯ ಸಹಿಸಬಹುದಾದದ್ದಾಯಿತು. ‘ಇನ್ನೆರಡು ದಿನ ತಾನೆ’ ಎಂಬ ಮಾತನ್ನು ನಾವು ಎಲ್ಲ ಕೊನೆಗಳಲ್ಲೂ ಬಳಸುತ್ತೇವೆ. ನಿವೃತ್ತಿಗೆ ಎರಡು ತಿಂಗಳಿರುವ ಅಧಿಕಾರಿಯ ತಪ್ಪನ್ನು ಬಿಟ್ಟುಬಿಡುತ್ತೇವೆ. ಬಾಡಿಗೆ ಮನೆ ಖಾಲಿ ಮಾಡುವ ವಾರ ಸೋರುವ ನಲ್ಲಿಯನ್ನು ಹಾಗೇ ಬಿಡುತ್ತೇವೆ. ಆದರೆ ರಸ್ತೆಯ ಅಂಚಿನಲ್ಲಿ ನಡೆಯುವವನಿಗೆ ನಮ್ಮ ಪ್ರವಾಸದ ಎಷ್ಟು ಭಾಗ ಮುಗಿದಿದೆ ಎಂಬುದು ಸಂಬಂಧವಿಲ್ಲದ ಲೆಕ್ಕ. ಅವನಿಗೆ ಸಿಗುವುದು ನಮ್ಮ 2,140 ಕಿಲೋಮೀಟರಿನಲ್ಲಿ ಒಂದು ಮೀಟರು. ಆ ಸಂಜೆ ಅವನ ಪಾಲಿಗೆ ಯಾವುದರ ಕೊನೆಯೂ ಆಗಿರಲಿಲ್ಲ, ಹಸು ಕಾಯುತ್ತಿತ್ತು, ಅವನು ಹುಲ್ಲು ತರುತ್ತಿದ್ದ.

ಅಮ್ಮನ ಪ್ರೀತಿ ಸುಳ್ಳಲ್ಲ. ಮೂವತ್ತು ವರ್ಷ ಸ್ಕೂಟರಿನಲ್ಲಿ ಓಡಾಡಿ ನಿವೃತ್ತಿಯ ದುಡ್ಡಲ್ಲಿ ಕಾರು ಕೊಂಡ ಗಂಡನಿಗೆ, ಹೆದ್ದಾರಿಯ ಮಧ್ಯೆ ಕೀಲಿ ಕೊಡಿ ಎನ್ನಲು ಆಕೆಗೆ ಮನಸ್ಸಾಗಲಿಲ್ಲ. ನನಗೂ ಆಗಲಿಲ್ಲ. ನಾನು ಓಡಿಸಿದ್ದರೆ ಘಾಟಿಯಲ್ಲಿ ಅದೂ ಅಪಾಯವೇ ಆಗಿತ್ತು, ನಿಜ. ಆದರೆ ಬೆಳಿಗ್ಗೆ ಏಳಕ್ಕೆ ಬರುವವರೊಬ್ಬರು ಇದ್ದರು, ಅದು ನನಗೆ ಗೊತ್ತಿತ್ತು. ಮಹಾಭಾರತದಲ್ಲಿ ಮಕ್ಕಳ ವ್ಯಾಮೋಹದಲ್ಲಿ ಕಾಣದವನಾದ ತಂದೆಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ತಂದೆಯ ಮೇಲಿನ ಪ್ರೀತಿಯಲ್ಲಿ ಮಕ್ಕಳು ಕುರುಡಾಗುವುದನ್ನು ಯಾರೂ ದೋಷವೆಂದು ಹೇಳಿಕೊಟ್ಟಿಲ್ಲ. ಧೃತರಾಷ್ಟ್ರನಿಗೆ ಸಂಜಯ ಯುದ್ಧವನ್ನು ಹೇಳಿದ ಹಾಗೆ ಅಮ್ಮ ಅಪ್ಪನಿಗೆ ರಸ್ತೆ ಹೇಳುತ್ತಿದ್ದರು. ಆದರೆ ಸಂಜಯನೂ ನಿದ್ದೆ ಹೋಗಬಹುದು. ಕಾರಿನೊಳಗೆ ಮೂವರಿದ್ದೆವು, ಮೂವರ ಮನಸ್ಸೂ ನೋಯದಂತೆ ನೋಡಿಕೊಂಡೆವು. ಅದರ ಬೆಲೆಯನ್ನು ಕಾರಿನ ಹೊರಗಿದ್ದವನ ಹೆಸರಿಗೆ ಬರೆದೆವು, ಅವನನ್ನು ಕೇಳದೆ.

ಬಂದ ಮೂರನೆಯ ದಿನ ಅಪ್ಪನಿಗೆ ಎಲ್ಲವನ್ನೂ ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಮುಂದಿನ ವಾರ ಫೀಲ್ಡ್ ಟೆಸ್ಟ್ ಮಾಡಿಸಿದೆವು. ಎಡಗಣ್ಣಿನ ಚಿತ್ರದ ಬಹುಭಾಗ ಕಪ್ಪಾಗಿತ್ತು. ಅಪ್ಪ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳನ್ನು ಕಪ್ಪಿನ ಮೇಲಿಟ್ಟು ಕೇಳಿದರು: ‘ಹುಣಸೂರಿನ ಹತ್ರ ಆ ಯಜಮಾನರು ಇದರೊಳಗೆ ಇದ್ರಾ?’

ನಾನು ಹೂಂ ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಹೇಳಿದ್ದು ಇಷ್ಟು: ‘ನನ್ನ ಮನಸ್ಸು ನೋಯುತ್ತೆ ಅಂತ ಸುಮ್ಮನಿದ್ರಿ, ಸರಿ. ಹೇಳಿದ್ರೆ ನಾನೇ ನಿಲ್ಲಿಸ್ತೀನಿ ಅಂತ ನಿಮ್ಮಿಬ್ಬರಿಗೂ ಯಾಕೆ ಅನ್ನಿಸಲಿಲ್ಲ?’

ಅಮ್ಮ ಮೆಲ್ಲಗೆ ‘ಡಾಕ್ಟರು ಹೇಳಿದ್ದು ನಿಮಗೂ ಕೇಳಿಸಿತ್ತಲ್ಲ’ ಎಂದರು. ಅಪ್ಪ ಉತ್ತರಿಸಲಿಲ್ಲ. ಇಬ್ಬರ ಮಾತೂ ನಿಜ. ಉಡುಪಿಯಲ್ಲಿ ಹೇಳಿದ್ದರೆ ಅವರು ಕೀಲಿ ಕೊಡುತ್ತಿದ್ದರೋ, ಹಠ ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಆದರೆ ಆ ಆಯ್ಕೆ ಅವರದಾಗಿತ್ತು. ಅವರ ಗೌರವ ಉಳಿಸುತ್ತಿದ್ದೇವೆ ಎಂದುಕೊಂಡು ನಾವು ಅವರನ್ನು ಸತ್ಯ ತಡೆದುಕೊಳ್ಳಲಾರದ ಮಗುವಿನಂತೆ ನಡೆಸಿಕೊಂಡಿದ್ದೆವು. ಮೂವತ್ತು ವರ್ಷ ಹುಡುಗರಿಗೆ ಸರಿ ತಪ್ಪು ಹೇಳಿಕೊಟ್ಟ ಮನುಷ್ಯನಿಗೆ ಸ್ವತಃ ಸರಿಯಾದುದನ್ನು ಮಾಡುವ ಒಂದು ಅವಕಾಶ ಬಂದಿತ್ತು, ಅದನ್ನು ನಾವು ಕೈಗೆ ಕೊಡಲಿಲ್ಲ. ಆ ಮುದುಕನಿಗೆ ಮಾಡಿದ ಅನ್ಯಾಯ ಅವನಿಗೆ ಗೊತ್ತೇ ಆಗಲಿಲ್ಲ. ಅಪ್ಪನಿಗೆ ಮಾಡಿದ್ದು ಅಪ್ಪನಿಗೆ ಗೊತ್ತಾಯಿತು.

ಈಗ ಕಾರು ನಾನು ಓಡಿಸುತ್ತೇನೆ, ಹೆದ್ದಾರಿಗೂ ಹೋಗುತ್ತೇನೆ. ಮೊನ್ನೆ ಪೆಟ್ರೋಲಿನ ಲೆಕ್ಕ ನೋಡಲು ಅಪ್ಪನ ನೋಟ್‌ಬುಕ್ ತೆಗೆದೆ. ಪ್ರವಾಸದ ಕೊನೆಯ ಪುಟದಲ್ಲಿ ‘ಸುಖ ಪ್ರಯಾಣ’ ಹಾಗೇ ಇತ್ತು, ಅವರು ಅದನ್ನು ಹೊಡೆದುಹಾಕಿರಲಿಲ್ಲ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು: ‘ಸಂಜೆ 6.20, ಹುಣಸೂರಿಗೆ ಮೊದಲು, ಹುಲ್ಲಿನ ಹೊರೆ ಹೊತ್ತ ಒಬ್ಬರು. ನಿಲ್ಲಿಸಿ ಕ್ಷಮೆ ಕೇಳಲಿಲ್ಲ.’