ಅಂಗಡಿಯನ್ನು ಎಲ್ಲಿ ತೆರೆಯಬೇಕು?

ವ್ಯಾಪಾರ ಹೇಗೆ ಮಾಡಬೇಕೆಂದು ನಮ್ಮ ತಂದೆ-ತಾತಂದಿರು ಕಲಿಸಿ ಹೋದರು. ಎಲ್ಲಿ ಮಾಡಬೇಕೆಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡಿರಲಿಲ್ಲ. ಹಾಸನದವರಿಗೆ ಸಂತೆಪೇಟೆ ಇತ್ತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ಅವರವರ ಊರಿನ ಸಂತೆ ಮತ್ತು ಪೇಟೆ ಬೀದಿ ಇದ್ದವು. ಕೊಳ್ಳುವವನಿಗೆ ಮಾರುವವನ ಮುಖ ಗೊತ್ತಿತ್ತು, ಅವನ ತಂದೆಯ ಹೆಸರೂ ಗೊತ್ತಿತ್ತು.

ಇಂದು ಹಾಗಿಲ್ಲ. ಹೊಳೆನರಸೀಪುರದ ಮನೆಯೊಳಗೆ ಕುಳಿತು ದುಪಟ್ಟಕ್ಕೆ ಕಸೂತಿ ಹಾಕುವ ಸಹೋದರಿಯ ಮುಂದೆ ಮೀಶೋ, ಅಮೆಜಾನ್, ಫ್ಲಿಪ್‌ಕಾರ್ಟ್, ಇನ್‌ಸ್ಟಾಗ್ರಾಮ್‌ಗಳಿವೆ. ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ವಿನ್ಯಾಸವನ್ನೋ ಅನುವಾದವನ್ನೋ ಮಾಡಿಕೊಡುವ ತರುಣನ ಮುಂದೆ ಅಪ್‌ವರ್ಕ್, ಫೈವರ್‌ಗಳಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ, ಹೆಚ್ಚು ಮಾರಾಟ ಎಲ್ಲಿ ಆಗುತ್ತದೆ ಎಂಬ ಅರ್ಥದಲ್ಲೇ ಕೇಳುತ್ತಾರೆ. ಕುಟುಂಬವನ್ನು ಸಾಕಬೇಕಾದವನು ಹಾಗೆ ಕೇಳುವುದು ತಪ್ಪಲ್ಲ. ಆದರೆ ಸತ್ಯವಿಶ್ವಾಸಿಯ ಮೊದಲ ಪ್ರಶ್ನೆ ಅದಾಗಬಹುದೇ?

ಮಾರುಕಟ್ಟೆಗೂ ಒಂದು ಗುಣವಿದೆ

ಪ್ರವಾದಿವರ್ಯರು(ಸ) ಕ್ರಿ.ಶ. 622ರಲ್ಲಿ ಮದೀನಾಕ್ಕೆ ಬಂದಾಗ ಅಲ್ಲಿ ಮಾರುಕಟ್ಟೆಗಳು ಇದ್ದವು. ಆದರೂ ಅವರು ಮುಸ್ಲಿಮರಿಗಾಗಿ ಪ್ರತ್ಯೇಕವಾದ ಒಂದು ಬಯಲನ್ನು ಮಾರುಕಟ್ಟೆಯಾಗಿ ಗುರುತಿಸಿದರೆಂದೂ ಅಲ್ಲಿ ಸುಂಕ ವಿಧಿಸಬಾರದೆಂದು ಹೇಳಿದರೆಂದೂ ವರದಿಗಳಿವೆ. ಅಲ್ಲಿ ಯಾರಿಗೂ ಕಾಯಂ ಜಾಗವಿರಲಿಲ್ಲ. ಬೆಳಿಗ್ಗೆ ಮೊದಲು ಬಂದವನಿಗೆ ಆ ದಿನದ ಮಟ್ಟಿಗೆ ಆ ಜಾಗ. ಮಾರುಕಟ್ಟೆಯೆಂದರೆ ಬರೀ ಸ್ಥಳವಲ್ಲ, ಅದರ ಕಟ್ಟುಪಾಡುಗಳು ಅದರೊಳಗಿನ ಮನುಷ್ಯರನ್ನು ತಿದ್ದುತ್ತವೆ ಅಥವಾ ಕೆಡಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಇಂದಿನ ಆನ್‌ಲೈನ್ ಮಾರುಕಟ್ಟೆಗೆ ಒಡೆಯನಿದ್ದಾನೆ. ಯಾರ ಸರಕು ಮುಂದಿನ ಸಾಲಿನಲ್ಲಿ ಕಾಣಬೇಕು, ಯಾರದು ಹಿಂದೆ ಸರಿಯಬೇಕು ಎಂಬುದು ಅವನ ಕೈಯಲ್ಲಿದೆ. ಕೆಲವೇ ಮಾರಾಟಗಾರರಿಗೆ ಆದ್ಯತೆ ಸಿಗುತ್ತಿದೆಯೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ವಿರುದ್ಧ ತನಿಖೆಗೆ ಆದೇಶಿಸಿತು. ಅಂಥ ದೊಡ್ಡ ಬಯಲಿನಲ್ಲಿ ಸಣ್ಣವನೊಬ್ಬ ಕಣ್ಣಿಗೆ ಬೀಳಬೇಕಾದರೆ ಏನನ್ನಾದರೂ ಮಾಡಬೇಕೆನಿಸುವುದು ಸಹಜ. ಅಲ್ಲಿಂದಲೇ ಪರೀಕ್ಷೆ ಆರಂಭವಾಗುತ್ತದೆ.

ಕೈಯಿಟ್ಟು ನೋಡಲಾಗದ ರಾಶಿ

ನಮ್ಮ ಜಿಲ್ಲೆಯ ರೈತರು ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಳ್ಳುವಾಗ ಗಡ್ಡೆಯನ್ನು ಕೈಗೆತ್ತಿಕೊಂಡು ನೋಡಬಲ್ಲರು. ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಗಲಿದ ಘಟನೆ ನಿಮಗೆ ತಿಳಿದೇ ಇದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ನೆನೆದುದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದೂ ಎಚ್ಚರಿಸಿದರು.

ಆನ್‌ಲೈನಿನಲ್ಲಿ ಕೊಳ್ಳುವವನು ರಾಶಿಯೊಳಗೆ ಕೈಯಿಡಲಾರ. ಅವನಿಗೆ ಕಾಣುವುದು ನೀವು ಹಾಕಿದ ಚಿತ್ರ ಮಾತ್ರ. ಬೇರೆಯವರ ಚಿತ್ರವನ್ನು ತೆಗೆದು ಹಾಕುವುದು, ಮಾಸಿದ ಬಣ್ಣವನ್ನು ಫೋನಿನಲ್ಲಿ ಹೊಳೆಯುವಂತೆ ಮಾಡುವುದು, ಮಿಶ್ರ ನೂಲಿನ ಬಟ್ಟೆಯನ್ನು ಅಪ್ಪಟ ಹತ್ತಿಯೆಂದು ಬರೆಯುವುದು, ಯಂತ್ರ ಮಾಡಿದ ಅನುವಾದವನ್ನು ತಾನೇ ಕುಳಿತು ಮಾಡಿದ್ದೆಂದು ಕೊಡುವುದು, ಇವೆಲ್ಲವೂ ತೇವವನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲೆ ಹರಡಿದಂತೆಯೇ.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರರ ಕೈಗೆ ಕೊಟ್ಟು, ಕೊಳ್ಳುವವನಿಗೆ ದೋಷವನ್ನು ತೋರಿಸಿಯೇ ಮಾರಬೇಕೆಂದು ತಿಳಿಸಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂಬುದೂ ನೆನಪಾಗಲಿಲ್ಲ. ಇಮಾಮರು ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಗಮನಿಸಿರಿ, ಅವರನ್ನು ಬಾಧಿಸಿದ್ದು ಕೊಂಡವನು ಮತ್ತೆ ಸಿಗುವುದಿಲ್ಲವೆಂಬ ಸಂಗತಿ. ನಮ್ಮಲ್ಲಿ ಕೆಲವರಿಗೆ ಅದೇ ಸಂಗತಿ ಧೈರ್ಯ ಕೊಡುತ್ತಿದೆ! ಅಸ್ಸಾಮಿನಲ್ಲಿರುವ ಗಿರಾಕಿ ಹೊಳೆನರಸೀಪುರಕ್ಕೆ ಬಂದು ಕೇಳುತ್ತಾನೆಯೇ ಎಂದು.

ಆದುದರಿಂದ ಮೊದಲ ಪ್ರಶ್ನೆ ಇದು: ಯಾವ ಮಾರುಕಟ್ಟೆಯಲ್ಲಿ ನನ್ನ ಸರಕನ್ನು ಇದ್ದಂತೆ ತೋರಿಸಬಲ್ಲೆ? ದೂರು ಬಂದರೆ ಗಿರಾಕಿಗೆ ನಾನು ಎಲ್ಲಿ ಸಿಗುತ್ತೇನೆ?

ಸುಳ್ಳು ನಕ್ಷತ್ರಗಳು

ಕೊಳ್ಳುವ ಉದ್ದೇಶವಿಲ್ಲದೆ, ಇತರರನ್ನು ಮರುಳು ಮಾಡಲೆಂದೇ ಬೆಲೆ ಏರಿಸಿ ಕೂಗುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಧರ್ಮಶಾಸ್ತ್ರಜ್ಞರು ಇದನ್ನು ನಜಶ್ ಎನ್ನುತ್ತಾರೆ. ಬಂಧುಗಳಿಂದ, ಗೆಳೆಯರಿಂದ ಐದು ನಕ್ಷತ್ರಗಳ ಹೊಗಳಿಕೆ ಬರೆಸುವುದು ಇದಕ್ಕಿಂತ ಎಷ್ಟು ಭಿನ್ನ? ನಮ್ಮ ದೇಶದ ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ತಾನೇ ಗ್ರಾಹಕನಂತೆ ನಟಿಸಿ ಅಭಿಪ್ರಾಯ ಬರೆಯುವಂತಿಲ್ಲ. ಮನೆಯಲ್ಲೇ ಕುಳಿತು ನಕ್ಷತ್ರ ಒತ್ತಿದರೆ ಹಣ ಎಂದು ಫೋನಿಗೆ ಬರುವ ಸಂದೇಶಗಳಿಂದಲೂ ಮಕ್ಕಳನ್ನು ದೂರವಿಡಿ. ಮೊದಲು ನೂರಿನ್ನೂರು ಕೊಟ್ಟು, ಬಳಿಕ ಠೇವಣಿಯ ಹೆಸರಿನಲ್ಲಿ ಸಾವಿರಾರು ರೂಪಾಯಿ ದೋಚುವ ವಂಚನೆ ಅದು.

ದಲ್ಲಾಳಿಯ ಪಾಲು

ಮಾರುಕಟ್ಟೆ ಕಮಿಷನ್ ತೆಗೆದುಕೊಳ್ಳುವುದು ಅನ್ಯಾಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೊದಲೇ ತಿಳಿಸಿ, ಉಭಯರೂ ಒಪ್ಪಿದ ದಲ್ಲಾಳಿ ಹಣ ಕೂಲಿಯೇ. ಫೈವರ್ ಮಾರುವವನ ಗಳಿಕೆಯಲ್ಲಿ ಶೇ. 20 ಹಿಡಿದುಕೊಳ್ಳುತ್ತದೆ, ಅಂದರೆ ಸಾವಿರಕ್ಕೆ ಕೈಗೆ ಬರುವುದು ಎಂಟುನೂರು. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಮೀಶೋ 2021ರಲ್ಲಿ ಮಾರಾಟಗಾರರ ಕಮಿಷನನ್ನು ಕೈಬಿಟ್ಟಿತು. ಆದರೆ ಸಾಗಣೆ, ಜಾಹೀರಾತು, ವಾಪಸು ಬಂದ ಸರಕಿನ ಖರ್ಚುಗಳ ಲೆಕ್ಕ ಬೇರೆ. ಇವನ್ನೆಲ್ಲ ಓದಿ, ಕೂಡಿಸಿ, ನಂತರ ಒಪ್ಪಿರಿ.

ಒಪ್ಪಿದ ಮೇಲೆ ನಿಭಾಯಿಸಬೇಕು. ಮಾರುಕಟ್ಟೆಯಲ್ಲಿ ಪರಿಚಯವಾದ ಗಿರಾಕಿಯನ್ನು, ಕಮಿಷನ್ ಉಳಿಯುತ್ತದೆಂದು ಗುಟ್ಟಾಗಿ ಹೊರಗೆ ಕರೆದೊಯ್ಯುವವರಿದ್ದಾರೆ. ಅಪ್‌ವರ್ಕ್‌ನ ಒಪ್ಪಂದದಲ್ಲಿ ಎರಡು ವರ್ಷಗಳ ಕಾಲ ಹಾಗೆ ಮಾಡಬಾರದೆಂಬ ಷರತ್ತಿದೆ. ಮೊದಲೇ ಹೊರಬರಬೇಕಾದರೆ ನಿಗದಿತ ಶುಲ್ಕ ತೆತ್ತು ಬರಬಹುದು. ಕಂಪೆನಿ ಶ್ರೀಮಂತವಾದುದೆಂಬುದು ಮಾತು ಮುರಿಯಲು ನೆಪವಾಗದು. ಷರತ್ತು ಹಿಡಿಸದಿದ್ದರೆ ಸಹಿ ಹಾಕಬೇಡಿ. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರುಗಳನ್ನು ಪೂರೈಸಬೇಕೆಂಬ ಆದೇಶದಿಂದ. ಅದರಲ್ಲಿ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ.

ಸಣ್ಣದಾಗಿ ಆರಂಭಿಸಿರಿ

ನಿಜವನ್ನು ಮಾತ್ರ ಹೇಳಿದರೆ ನಮ್ಮನ್ನು ಯಾರೂ ನೋಡುವುದಿಲ್ಲವಲ್ಲ ಎಂಬ ಅಳಲು ಸುಳ್ಳಲ್ಲ. ಮೊದಲ ತಿಂಗಳುಗಳಲ್ಲಿ ಮಾರಾಟ ನಿಧಾನವಾಗಬಹುದು. ಮನೆಯ ಬಾಡಿಗೆ ಕಟ್ಟಬೇಕಾದವರಿಗೆ ಇದು ಸಣ್ಣ ಮಾತಲ್ಲ. ಅದಕ್ಕಾಗಿಯೇ ಹತ್ತಿರದಿಂದ ಆರಂಭಿಸುವುದು ಲೇಸು. ನಮ್ಮೂರಿನವರೇ ಗಿರಾಕಿಗಳಾಗಿರುವ ವಾಟ್ಸ್ಆ್ಯಪ್‌ನಲ್ಲಿ ಕಮಿಷನ್ ಇಲ್ಲ, ಮುಖ ಮುಚ್ಚಿಕೊಳ್ಳುವ ದಾರಿಯೂ ಇಲ್ಲ. ಅಲ್ಲಿ ಗಳಿಸಿದ ಹೆಸರು ನಿಜವಾದ ಹೆಸರು. ಬಳಿಕ ರಾಜ್ಯದೊಳಗೆ ಮಾರಿರಿ. ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಕಿನ ವ್ಯಾಪಾರಿಗಳು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿಯಿಲ್ಲದೆಯೂ, ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ತಮ್ಮ ರಾಜ್ಯದೊಳಗೆ ಇಂಥ ಮಾರುಕಟ್ಟೆಗಳ ಮೂಲಕ ಮಾರಬಹುದು. ಹೊರರಾಜ್ಯಕ್ಕೆ ಕಳುಹಿಸಲು ನೋಂದಣಿ ಬೇಕು. ಉಪ್ಪಿನಕಾಯಿ, ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮರೆಯಬಾರದು.

ಮನೆಯ ಗಂಡಸರಿಗೂ ಒಂದು ಮಾತು. ದುಡಿಯುವವಳು ಸಹೋದರಿಯಾದರೆ ಖಾತೆಯೂ ಅವಳ ಹೆಸರಿನಲ್ಲೇ ಇರಲಿ. ಹೆಣ್ಣಿನ ಸಂಪಾದನೆ ಅವಳದೆಂಬುದು ನಮ್ಮ ಶರೀಅತ್ತಿನ ತೀರ್ಮಾನ. ಹಾಗಿದ್ದಾಗ ಗಿರಾಕಿಗೆ ಉತ್ತರ ಹೇಳಬೇಕಾದವರು ಯಾರೆಂಬುದೂ ಸ್ಪಷ್ಟವಿರುತ್ತದೆ.

ಓದುಗರೇ, ಯಾವ ಮಾರುಕಟ್ಟೆಯೂ ತಾನಾಗಿ ಹಲಾಲ್ ಅಲ್ಲ, ತಾನಾಗಿ ಹರಾಮ್ ಅಲ್ಲ. ಆದರೆ ಸುಳ್ಳು ಹೇಳದೆ ನಡೆಯದು ಎಂಬ ಸ್ಥಿತಿಗೆ ನಿಮ್ಮನ್ನು ತಂದ ಮಾರುಕಟ್ಟೆ ಎಷ್ಟೇ ಲಾಭ ಕೊಡಲಿ, ಅದು ನಿಮ್ಮದಲ್ಲ. ಅಲ್ಲಿಂದ ಅಂಗಡಿ ಎತ್ತಿರಿ. ಹತ್ತು ದುಪಟ್ಟಗಳ ಬದಲು ನಾಲ್ಕೇ ಹೋಗಲಿ, ಆ ನಾಲ್ಕರ ಹಣ ಮಕ್ಕಳ ತಟ್ಟೆಗೆ ನಿಶ್ಚಿಂತೆಯಿಂದ ಬರುತ್ತದೆ. ಅಲ್ಲಾಹನು ನಮ್ಮೆಲ್ಲರ ಸಂಪಾದನೆಯನ್ನು ಶುದ್ಧಗೊಳಿಸಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.